ನಾರಾಯಣಪುರದಿಂದ ಬಂದ ಓವನ್

ಯಾರಾದರೂ ಪುಕ್ಕಟೆಯಾಗಿ ಏನನ್ನಾದರೂ ಕೊಟ್ಟರೆ ನಮ್ಮ ಅತ್ತೆ ಮೊದಲು ಅದನ್ನು ಬೋರಲು ಹಾಕಿ ತಳ ನೋಡುತ್ತಾರೆ. ನಮ್ಮ ಮನೆಯವರಿಗೆ ವರ್ಗವಾಗಿ, ನಾವು ನಾರಾಯಣಪುರದ ಕ್ವಾರ್ಟರ್ಸ್ ಬಿಟ್ಟು ಶಹಾಪುರದ ಸ್ವಂತ ಮನೆಗೆ ಸಾಮಾನು ತಂದ ದಿನವೂ ಹಾಗೇ ಆಯಿತು. ಟೆಂಪೊದಿಂದ ಇಳಿಸಿದ ಹಾಸಿಗೆ, ಕಪಾಟು, ಹಿಟ್ಟಿನ ಡಬ್ಬಿಗಳ ನಡುವೆ ಅವರಿಗೆ ಗುರುತಿಲ್ಲದ ಸಾಮಾನು ಒಂದೇ ಇತ್ತು. ಗಾಜಿನ ಬಾಗಿಲಿನ ಕರಿ ಪೆಟ್ಟಿಗೆ, ಬಲಗಡೆ ತಿರುಗಿಸುವ ಗುಂಡಿಗಳು. ಅತ್ತೆ ಅದರ ಬಾಗಿಲು ತೆಗೆದು, ಒಳಗೆ ಮುಖ ಒಯ್ದು ಮೂಸಿ ನೋಡಿದರು. ಯಾರ ಮನೆಯದು ಎಂದು ಕೇಳಿದರು. ಕ್ವಾರ್ಟರ್ಸಿನಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಅಕ್ಕ ಕೊಟ್ಟದ್ದು, ರೊಕ್ಕ ತಗೊಳ್ಳಲಿಲ್ಲ ಎಂದೆ.

"ಸುಮ್ನ ಯಾರರ ಕೊಡ್ತಾರೇನು?" ಎಂದರು ಅತ್ತೆ. "ಒಂದೋ ಕೆಟ್ಟಿರಬೇಕು, ಇಲ್ಲಾ ಕೊಟ್ಟಾಕಿ ಮನಸ್ಸು ಕೆಟ್ಟಿರಬೇಕು."

ಓವನ್ನಿಗೆ ಅಡಿಗೆಮನೆಯಲ್ಲಿ ಜಾಗ ಸಿಗಲಿಲ್ಲ. ದೇವರ ಗೂಡು ಅಲ್ಲೇ ಇದೆ. ಹೊರಗಿನ ಪಡಸಾಲೆಯಲ್ಲಿ, ಹೊಲಿಗೆ ಮಷೀನಿನ ಪಕ್ಕದ ಮೇಜಿನ ಮೇಲೆ ಅದು ಕುಳಿತಿತು.

ಕೊಟ್ಟ ಅಕ್ಕನ ಬಗ್ಗೆ ಹೇಳಬೇಕು. ಅವಳ ಗಂಡ ಡ್ಯಾಮಿನ ಗೇಟಿನ ಕೆಲಸದಲ್ಲಿದ್ದ. ಗಂಡನ ಕಡೆ, ತವರಿನ ಕಡೆ, ಎರಡೂ ಕಡೆಯವರು ಕೃಷ್ಣೆಯಲ್ಲಿ ತೆಪ್ಪ ಹಾಕಿ ಮೀನು ಹಿಡಿಯುತ್ತ ಬಂದ ಮನೆತನದವರು. ಅವಳ ತವರು ಸುರಪುರ. ಅಲ್ಲಿ ಅವಳ ಅಣ್ಣ ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಿದ್ದರಿಂದ ಮದುವೆಗೆ ಮೊದಲೇ ಬನ್ನು, ನಾನಖಟಾಯಿ, ಕೇಕು ಕಲಿತಿದ್ದಳು. ಕ್ವಾರ್ಟರ್ಸಿನ ಯಾವ ಮನೆಯಲ್ಲಿ ಮಗುವಿನ ಹುಟ್ಟುಹಬ್ಬವಾದರೂ ಅವಳದೇ ಕೇಕು. ಮೊಟ್ಟೆ ತಿನ್ನದವರಿಗೆ ಮೊಸರು ಹಾಕಿ ಬೇರೆ ಮಾಡಿಕೊಡುತ್ತಿದ್ದಳು. ಸಂಜೆ ಅವಳ ಹಿತ್ತಲ ಕಿಟಕಿಯಿಂದ ಏಲಕ್ಕಿ ವಾಸನೆ ಬಂದರೆ ನಮ್ಮ ಸಾಲಿನ ಹುಡುಗರೆಲ್ಲ ಅಲ್ಲೇ ಆಡುತ್ತಿದ್ದರು. ನಾನು ಅವಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ, ನಾನಖಟಾಯಿ ತಿನ್ನುತ್ತಿದ್ದೆ. ಊಟ ಮಾಡುತ್ತಿರಲಿಲ್ಲ. ನಾವು ಕೊರಳಲ್ಲಿ ಲಿಂಗ ಕಟ್ಟಿದವರು ಎಂದು ಅವಳಿಗೆ ಗೊತ್ತಿತ್ತು, ಅವಳು ಊಟಕ್ಕೆ ಕರೆಯುತ್ತಲೂ ಇರಲಿಲ್ಲ. ಇದನ್ನು ನಾವಿಬ್ಬರೂ ಎಂದೂ ಮಾತಾಡಿ ತೀರ್ಮಾನಿಸಿದ್ದಲ್ಲ.

ನಾವು ಹೊರಡುವ ಹಿಂದಿನ ಕೆಲವು ತಿಂಗಳು ಅವಳ ಕಿಟಕಿಯಿಂದ ವಾಸನೆ ಬರುವುದು ಕಡಿಮೆಯಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಬೇಕರಿ ಬಂದದ್ದಕ್ಕೆ ಹೀಗಾಗಿರಬೇಕು ಎಂದುಕೊಂಡಿದ್ದೆ. ಸಾಮಾನು ಕಟ್ಟುವಾಗ ಅವಳೇ ಓವನ್ನನ್ನು ಹೊತ್ತು ತಂದು ನಮ್ಮ ಬಾಗಿಲಲ್ಲಿ ಇಟ್ಟಳು. "ನೀನ ಒಯ್ಯಿ ತಂಗಿ. ನಿನ್ನ ಮನ್ಯಾಗ ಇರ್ಲಿ" ಎಂದಳು. ಯಾಕೆ ಎಂದರೆ ಹೇಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಬೇಡ ಎನ್ನುತ್ತೇನೋ, ಬೇಕು ಎನ್ನುತ್ತೇನೋ ಎಂದು ಕಾಯುವವರ ಹಾಗೆ. ಆ ನೋಟ ನನಗೆ ಒಂಥರಾ ಅನಿಸಿತು. ಬೇಕು ಎಂದೆ.

ಶಹಾಪುರದಲ್ಲಿ ಮನೆ ಒಂದು ಹದಕ್ಕೆ ಬಂದ ಮೇಲೆ ನಾನು ಮೊದಲು ಮಾಡಿದ್ದು ಮೊಸರು ಹಾಕಿದ ಕೇಕು. ಗುಂಡಿಗಳ ಸುತ್ತ ಬರೆದಿದ್ದ ಗುರುತುಗಳೆಲ್ಲ ಅಕ್ಕ ವರ್ಷಗಟ್ಟಲೆ ಒರೆಸಿ ಒರೆಸಿ ಅಳಿಸಿಹೋಗಿದ್ದವು. ಅವಳು ಮಾಡುವಾಗ ನಾನು ಹಿಟ್ಟು ನೋಡಿದ್ದೆ, ತಟ್ಟೆ ನೋಡಿದ್ದೆ, ಗುಂಡಿ ಎಲ್ಲಿಗೆ ತಿರುಗಿಸುತ್ತಾಳೆ ಎಂದು ನೋಡಿರಲಿಲ್ಲ. ಅಂದಾಜಿಗೆ ತಿರುಗಿಸಿದೆ. ಒಳಗೆ ಕೆಂಪಗೆ ಬೆಳಕು ಬಂತು, ಒಳ್ಳೆಯದಾಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ತೆಗೆದು ನೋಡಿದರೆ ಮೇಲೆ ಇದ್ದಿಲು, ಚಾಕು ಹಾಕಿದರೆ ಒಳಗೆ ಹಸಿ ಹಿಟ್ಟು. ನಮ್ಮ ಮನೆಯವರು ನೋಡಿ, ಕೆಟ್ಟದ್ದನ್ನು ನಮಗೆ ದಾಟಿಸಿದ್ದಾಳೆ ಎಂದರು.

ಕರೆಂಟಿನ ಕೆಲಸದವನನ್ನು ಕರೆಸಿದೆವು. ಅವನು ಬಾಗಿಲು ತೆಗೆದು, ಟಾರ್ಚು ಬಿಟ್ಟು, ಕೆಳಗಿನ ಕಾಯುವ ಕಡ್ಡಿ ಸುಟ್ಟು ಹೋಗಿದೆ, ಅಂಗಡಿಗೆ ಒಯ್ದು ಬೇರೆ ಹಾಕಿಕೊಡುತ್ತೇನೆ ಎಂದ. ಅವನು ಹೋದ ಮೇಲೆ ಅತ್ತೆ, ಅಂಗಡಿಗೆ ಕೊಡಬೇಡ, ಒಳಗಿನ ಒಳ್ಳೆಯದನ್ನು ತಾನಿಟ್ಟುಕೊಂಡು ಹಳೆಯದು ಕೂಡಿಸುತ್ತಾನೆ ಎಂದರು. ನಾನು ಸುಮ್ಮನಿರಲಾರದೆ ಗುಂಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿ, ತಟ್ಟೆಯನ್ನು ತಳದ ಗೂಡಿಗೆ ಇಟ್ಟು ನಾನಖಟಾಯಿ ಮಾಡಿದೆ. ಈ ಸಲ ತಳ ಕರ್ರಗೆ, ಮೇಲೆ ಸುಣ್ಣದ ಹಾಗೆ ಬಿಳಿ. ಅಂದರೆ ಕೆಳಗಿನ ಕಡ್ಡಿ ಚೆನ್ನಾಗಿಯೇ ಇತ್ತು, ಕೆಲಸದವನು ಹೇಳಿದ್ದು ಸುಳ್ಳು. ಹಾಗಾದರೆ ಕೆಟ್ಟಿರುವುದು ಏನು? ನಮ್ಮ ಮನೆಯವರಿಗೆ ಈಗ ಅಕ್ಕನ ಮೇಲೂ ಅನುಮಾನ, ಆ ಕೆಲಸದವನ ಮೇಲೂ ಅನುಮಾನ. ನನಗೆ ಓವನ್ನಿನ ಮೇಲೆ. ರಾತ್ರಿ ಪಡಸಾಲೆಯಲ್ಲಿ ಅದರ ಗಾಜು ಹೊಳೆದರೆ ಸಾಕು, ಬೇಕಂತಲೇ ನನ್ನನ್ನು ಸತಾಯಿಸುತ್ತಿದೆ ಅನಿಸುತ್ತಿತ್ತು.

ಅಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮರುದಿನ ಎತ್ತಿದಳು, ಆದರೆ ಧ್ವನಿ ಬಿಗಿಯಾಗಿತ್ತು. ಓವನ್ ಯಾಕೋ ಸರಿ ನಡೆಯುತ್ತಿಲ್ಲ, ವಾಪಸು ಕಳಿಸಲೇನು ಎಂದು ನಮ್ಮ ಮನೆಯವರು ಕೇಳುತ್ತಿದ್ದಾರೆ ಎಂದೆ.

"ವಾಪಸ್ ಕಳಸ್ತೀರೇನು?" ಎಂದಳು. "ಬ್ಯಾಡ. ನಾನ ಬರ್ತೀನಿ. ಸುರಪುರಕ್ಕ ಹೋಗೋದದ, ಹಂಗ ಮುಂದ ಬಂದು ನೋಡಿ ಹೋಗ್ತೀನಿ."

ಬರುತ್ತಾಳೆ ಎಂದು ಅತ್ತೆಗೆ ಹೇಳಿದೆ. ಬರಲಿ ಎಂದರು, ಅಷ್ಟೆ. ಅವಳನ್ನು ಎಲ್ಲಿ ಕೂಡಿಸುತ್ತಾರೋ, ಯಾವ ಲೋಟದಲ್ಲಿ ನೀರು ಕೊಡುತ್ತಾರೋ ಎಂಬುದೇ ನನ್ನ ಚಿಂತೆ.

ಅವಳು ಮುಂಜಾನೆಯ ಬಸ್ಸಿಗೇ ಬಂದಳು. ಕೈಯಲ್ಲಿ ಒಂದು ಚೀಲ. ನಾನು ಒಳಗೆ ಬರ್ರಿ ಎಂದರೂ ಪಡಸಾಲೆ ದಾಟಲಿಲ್ಲ. ಅತ್ತೆ ನೀರು ತಂದುಕೊಟ್ಟರು, ನಾವು ದಿನಾ ಕುಡಿಯುವ ಸ್ಟೀಲಿನ ಲೋಟದಲ್ಲೇ. ಅಕ್ಕ ಆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿ ಆಮೇಲೆ ಕುಡಿದಳು. ಹಾಗೆ ನೋಡಿದ್ದನ್ನು ಅತ್ತೆಯೂ ನೋಡಿದರು.

ಮಾಡಿದ್ದನ್ನು ತೋರಿಸು ಎಂದಳು. ನಾನು ಕೇಕಿನ ಡಬ್ಬಿಯನ್ನು ಇನ್ನೂ ತೊಳೆದಿರಲಿಲ್ಲ, ಸುಟ್ಟ ಪದರ ಬಿಡಲೆಂದು ಹಿತ್ತಲಲ್ಲಿ ನೆನೆ ಹಾಕಿದ್ದೆ. ನಾನಖಟಾಯಿಯ ತಟ್ಟೆಯೂ ಅಲ್ಲೇ ಇತ್ತು. ಎರಡನ್ನೂ ತಂದು ಇಟ್ಟೆ. ಅವಳು ಬೆರಳಿನಿಂದ ಕಪ್ಪನ್ನು ಕೆರೆದು ನೋಡಿದಳು. ಮುಖದ ಬಿಗಿ ಯಾಕೋ ಸಡಿಲಾಯಿತು.

"ಖರೇನ ಮಾಡೀದಿ ನೀನು" ಎಂದಳು. ಆ ಮಾತಿನ ಅರ್ಥ ನನಗೆ ಆಗ ಆಗಲಿಲ್ಲ.

ಆಮೇಲೆ ನೆಲದ ಮೇಲೆ ಕುಳಿತು ಗುಂಡಿ ಹಿಡಿದು ಕಲಿಸಿದಳು. "ಇದೊಂದ ಒಲಿ ಅಂತ ತಿಳಿಬ್ಯಾಡ. ಒಂದರಾಗ ನಾಲ್ಕ್ ಒಲಿ ಅವ. ಯಾವುದಕ್ಕ ಯಾವ ಒಲಿ ಅನ್ನೂದು ಗೊತ್ತಿರಬೇಕು" ಎಂದಳು. ಗುಂಡಿಯನ್ನು ಒಂದು ಸಲ ತಿರುಗಿಸಿದರೆ ಕೆಳಗಿನ ಕಡ್ಡಿ ಮಾತ್ರ ಕಾಯುತ್ತದೆ. ಕೇಕಿಗೆ, ಬನ್ನಿಗೆ ಅದು. ಉಬ್ಬಬೇಕಾದದ್ದನ್ನು ಕಾವು ಕೆಳಗಿನಿಂದ ಎತ್ತಬೇಕು, ಅದು ಉಬ್ಬಿ ಮುಗಿಯುವ ತನಕ ಮೇಲ್ಮೈ ಮೆತ್ತಗಿರಬೇಕು. ಮೊದಲೇ ಪೆಟ್ಟಿಗೆ ಕಾಯಿಸಿ, ತಟ್ಟೆಯನ್ನು ನಡುವಿನ ಗೂಡಿಗೆ ಇಟ್ಟು, ವಾಸನೆ ತಾನಾಗಿ ಹೊರಗೆ ಬರುವ ತನಕ ಬಾಗಿಲು ತೆಗೆಯಬಾರದು. ನಡುವೆ ತೆಗೆದು ಇಣುಕಿದರೆ ಕೇಕು ಕುಸಿಯುತ್ತದೆ. ಎರಡನೆಯ ಸಲ ತಿರುಗಿಸಿದರೆ ಮೇಲಿನ ಕಡ್ಡಿ. ನಾನು ಮೊದಲ ದಿನ ಕೇಕು ಇಟ್ಟದ್ದು ಇದಕ್ಕೆ. ಇದು ಬೇಯಿಸುವ ಒಲೆಯೇ ಅಲ್ಲ, ಸುಡುವ ಒಲೆ. ಬದನೆಕಾಯಿ, ಟೊಮೆಟೊ, ಹಸಿಮೆಣಸಿನಕಾಯಿ, ಪನೀರು, ಯಾವುದರ ಮೇಲ್ಮೈಗೆ ಬೆಂಕಿ ತಾಗಬೇಕೋ ಅದನ್ನು ಕಡ್ಡಿಗೆ ಹತ್ತಿರ ಇಟ್ಟು, ಎದ್ದು ಹೋಗದೆ ಎದುರಿಗೇ ಕೂತು ಮಾಡಬೇಕು. ಬೆಂದ ಬನ್ನಿಗೆ ಕೊನೆಗೆ ಬಣ್ಣ ಬರಿಸಲಿಕ್ಕೂ ಇದನ್ನೇ ಒಂದು ಗಳಿಗೆ ಹಚ್ಚಬೇಕು.

ಮೂರನೆಯದಕ್ಕೆ ಎರಡೂ ಕಡ್ಡಿ ಕಾಯುತ್ತವೆ. ನಾನಖಟಾಯಿ, ಬಿಸ್ಕಿಟು ಇದಕ್ಕೆ. ಅವು ತೆಳ್ಳಗಿನವು, ಉಬ್ಬುವ ಗೊಡವೆ ಇಲ್ಲದವು, ಎರಡೂ ಮೈ ಒಟ್ಟಿಗೆ ಬೇಯಬೇಕು. ನಾಲ್ಕನೆಯದಕ್ಕೆ ಒಳಗೆ ಫ್ಯಾನು ತಿರುಗಿ ಬಿಸಿ ಗಾಳಿಯನ್ನು ಸುತ್ತ ಹೊಡೆಯುತ್ತದೆ. ಶೇಂಗಾ ಹುರಿಯಲಿಕ್ಕೆ, ಮೆತ್ತಗಾದದ್ದನ್ನು ಗರಿಗರಿ ಮಾಡಲಿಕ್ಕೆ, ಎರಡು ತಟ್ಟೆ ಒಟ್ಟಿಗೆ ಇಟ್ಟಾಗ ಎರಡಕ್ಕೂ ಸಮ ಕಾವು ಬರಲಿಕ್ಕೆ ಫ್ಯಾನು. ಅದನ್ನು ಹಚ್ಚಿದಾಗ ಕಾವಿನ ಗುಂಡಿಯನ್ನು ಸ್ವಲ್ಪ ಇಳಿಸಬೇಕು. ಕೇಕಿಗೆ ಹಚ್ಚಿದರೆ ಮೇಲಿನ ಪದರ ಬೇಗ ಗಟ್ಟಿಯಾಗಿ, ಒಳಗಿನದು ಅದನ್ನು ಒಡೆದುಕೊಂಡು ಒಂದು ಕಡೆಗೆ ವಾಲುತ್ತದೆ.

ಎಣ್ಣೆಗಾಯಿಯಂಥದ್ದನ್ನು ಮಾಡಬೇಕಾದರೆ ಎಂದು ಕೇಳಿದೆ. ಪಾತ್ರೆಗೆ ಮುಚ್ಚಳ ಹಾಕಿ, ಎರಡೂ ಕಡ್ಡಿ ಸಣ್ಣ ಕಾವಿಗೆ ಹಚ್ಚಿ ಮರೆತುಬಿಡಬೇಕು ಎಂದಳು. ಬಿಸಿ ಬೂದಿಯಲ್ಲಿ ಗೆಣಸು ಹೂಳಿಟ್ಟು ಹೊಲಕ್ಕೆ ಹೋಗುತ್ತಿದ್ದರಲ್ಲ, ಹಾಗೆ.

ಅತ್ತೆ ಕುರ್ಚಿಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಅಕ್ಕ ಚೀಲದಿಂದ ತನ್ನ ತಟ್ಟೆ ತೆಗೆದು, ನನ್ನ ಮನೆಯ ಮೈದಾ, ತುಪ್ಪ, ಸಕ್ಕರೆಯಿಂದಲೇ ನಾನಖಟಾಯಿ ತಟ್ಟಿ ಒಳಗಿಟ್ಟಳು. ಅದು ಬೇಯುತ್ತಿರುವಾಗ ಅತ್ತೆ ಕೇಳಿದರು.

"ಒಂದ್ ಮಾತು ಕೇಳ್ತೀನಿ ತಂಗಿ. ಇದ್ರಾಗ ಮೀನ ಮಾಡೀದೇನು?"

ನನಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಅಕ್ಕ ಗಾಜಿನೊಳಗಿನ ತಟ್ಟೆಯನ್ನೇ ನೋಡುತ್ತಿದ್ದಳು.

"ಮಾಡೀನ್ರಿ ಅಮ್ಮಾರ" ಎಂದಳು. "ತಂದ ಹೊಸದ್ರಾಗ ಮಾಡೀನಿ. ನನ್ನ ಮನಿ ಒಲಿ, ನಾವು ತಿನ್ನೂದು ಮಾಡೀನಿ. ಮಂದಿಗೆ ಕೇಕ್ ಮಾಡಿ ಕೊಡಾಕ ಸುರು ಮಾಡಿದ್ ಮ್ಯಾಲ ಒಂದ್ ಸಲನೂ ಇಲ್ಲ. ಆ ತಟ್ಟಿನೂ ಬ್ಯಾರೆ, ಅದು ನನ್ನ ಮನ್ಯಾಗ ಅದ."

ಅತ್ತೆ ತಲೆದೂಗಿದರು. "ಮಾಡಿಲ್ಲ ಅಂದಿದ್ರ ನಾ ನಂಬ್ತಿದ್ದಿಲ್ಲ" ಎಂದರು. "ಮತ್ತ ಇಷ್ಟ್ ಛಂದ ನಡಿಯೋದನ್ನ ಕೊಟ್ಟಿ ಯಾಕ?"

ಅವಳು ಹೇಳಿದಳು. ನಾನು ಕೇಳುವಂತೆ ಹೇಳಿದಳು, ಆದರೆ ಅತ್ತೆಯ ಕಡೆ ನೋಡುತ್ತ. ಕ್ವಾರ್ಟರ್ಸಿನ ಒಂದು ಮನೆಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಕೇಕು ಹೇಳಿದ್ದರು. ಮಾಡಿ, ಡಬ್ಬಿಗೆ ದಾರ ಕಟ್ಟಿ ಒಯ್ದುಕೊಟ್ಟು ಬಂದಳು. ಮರುದಿನ ಬಾಗಿಲು ತೆಗೆದರೆ ಆ ಡಬ್ಬಿ ಮೆಟ್ಟಿಲ ಮೇಲಿತ್ತು, ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ಮೀನು ಬೇಯಿಸುವ ಪೆಟ್ಟಿಗೆಯಲ್ಲೇ ಕೇಕು ಮಾಡುತ್ತಾಳೆ ಎಂದು ಯಾರೋ ಅಂದಿದ್ದರಂತೆ. ಅವಳ ಎದುರು ಯಾರೂ ಅನ್ನಲಿಲ್ಲ. ಕೇಕು ಹೇಳುವವರು ಒಬ್ಬೊಬ್ಬರೇ ನಿಂತುಹೋದರು. ಹುಡುಗರನ್ನೂ ಅವಳ ಹಿತ್ತಲಿಗೆ ಬಿಡುವುದು ನಿಲ್ಲಿಸಿದರು.

ಅತ್ತೆ ನನ್ನ ಕಡೆ ತಿರುಗಿದರು. "ನೀ ಬಾಜು ಮನ್ಯಾಗ ಇದ್ದಿ. ನಿನಗ ಗೊತ್ತಿದ್ದಿಲ್ಲೇನು?"

ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗೆಂದೆ. ಹೇಳುವಾಗಲೇ ಆ ಮಾತು ಎಷ್ಟು ಸುಳ್ಳಿನ ಹಾಗೆ ಕೇಳುತ್ತದೆ ಎಂದು ತಿಳಿಯಿತು. ಅಕ್ಕ ಅವತ್ತು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿದಳು.

"ನೀನ ಅಂದಿ ಅಂತ ತಿಳಕೊಂಡಿದ್ದೆ" ಎಂದಳು. "ನನ್ನ ಅಡಿಗಿಮನಿಗೆ ಬರೂ ಹೊರಗಿನಾಕಿ ನೀ ಒಬ್ಬಾಕಿನ. ಮೀನಿನ ತಟ್ಟಿ ನೋಡಿದಾಕಿನೂ ನೀನ. ಅದಕ್ಕ ಓವನ್ ನಿನಗ ಕೊಟ್ಟೆ. ನೀ ಅಂದಿದ್ರ ಇದನ್ನ ನಿನ್ನ ಮನಿ ಒಳಗ ಒಯ್ಯಂಗಿಲ್ಲ, ಒಯ್ದ್ರೂ ಇದ್ರಾಗ ಮಾಡಿ ತಿನ್ನಂಗಿಲ್ಲ ಅಂತ."

ವಾಪಸು ಕಳಿಸಲೇನು ಎಂದು ನಾನು ಫೋನಿನಲ್ಲಿ ಕೇಳಿದಾಗ ತನ್ನ ಅನುಮಾನ ಖರೆಯಾಯಿತು ಎಂದುಕೊಂಡಳಂತೆ. ಕೆಟ್ಟಿದೆ ಎಂಬುದು ನೆಪ, ಮುಟ್ಟಲಿಕ್ಕೆ ಮನಸ್ಸಿಲ್ಲದೆ ಹೇಳುತ್ತಿದ್ದಾಳೆ ಎಂದುಕೊಂಡು, ಅದನ್ನು ಕಣ್ಣಾರೆ ನೋಡಲಿಕ್ಕೇ ಬಂದಿದ್ದಳು. ಸುಟ್ಟ ಡಬ್ಬಿಯನ್ನು ಕೆರೆದು ನೋಡಿ ಮುಖ ಸಡಿಲಾದದ್ದು ಯಾಕೆ ಎಂದು ಆಗ ಗೊತ್ತಾಯಿತು. ಆ ಕರಿ ಕೇಕು ಹದವಾಗಿ ಬಂದಿದ್ದರೆ ನಾವು ತಿಂದು, ಡಬ್ಬಿ ತೊಳೆದಿಟ್ಟಿರುತ್ತಿದ್ದೆವು. ಅವಳು ಬಂದು ನೋಡಲಿಕ್ಕೆ ಏನೂ ಉಳಿಯುತ್ತಿರಲಿಲ್ಲ. ಫೋನು ಮಾಡುವ ಕಾರಣವೇ ನನಗೆ ಇರುತ್ತಿರಲಿಲ್ಲ, ಅವಳು ನನ್ನ ಮೇಲಿನ ಅನುಮಾನವನ್ನು ಜೀವನವಿಡೀ ಇಟ್ಟುಕೊಂಡಿರುತ್ತಿದ್ದಳೋ ಏನೋ.

ನನಗೆ ಸಿಟ್ಟು ಬಂತು, ಅಳುವೂ ಬಂತು. ಕೊಡುವ ದಿನ ಅವಳು ನನ್ನ ಮುಖ ನೋಡುತ್ತ ನಿಂತದ್ದು ಪ್ರೀತಿಗಲ್ಲ, ಪರೀಕ್ಷೆಗೆ. ಇಷ್ಟು ವರ್ಷ ಗೋಡೆಗೆ ಗೋಡೆ ಹಚ್ಚಿ ಇದ್ದು ನನ್ನನ್ನು ಹೀಗೆ ತಿಳಿದಳಲ್ಲ ಎಂದು ಬಾಯಿಗೆ ಬಂತು. ಆದರೆ ಅವಳ ಮನೆಯಲ್ಲಿ ಒಂದು ದಿನವೂ ಊಟಕ್ಕೆ ಕೂರದ ನಾನು ಯಾವ ಬಾಯಲ್ಲಿ ಅದನ್ನು ಹೇಳಲಿ? ಸುಮ್ಮನೆ ಎದ್ದು ನಾನಖಟಾಯಿ ತೆಗೆದೆ. ಮೇಲೆ ಕೆಳಗೆ ಒಂದೇ ಬಣ್ಣ, ನಡುವೆ ಸಣ್ಣ ಬಿರುಕು.

ಅತ್ತೆ ನಮ್ಮಿಬ್ಬರಿಗೂ ಸಮಾಧಾನ ಹೇಳಲಿಲ್ಲ. ಅವರಿಗೆ ಅದು ಬರುವುದೂ ಇಲ್ಲ. ಒಳಗಿನಿಂದ ಬದನೆಕಾಯಿ ತಂದು, ಮೇಲಿನ ಕಡ್ಡಿ ಹಚ್ಚಿ ಇದನ್ನು ಸುಟ್ಟು ತೋರಿಸು, ಊಟಕ್ಕೆ ಆಗುತ್ತದೆ ಎಂದರು. ಬದನೆಕಾಯಿಯ ಸಿಪ್ಪೆ ಸೀದು ಸುಕ್ಕಾಗಿ ಒಳಗೆ ಬೆಣ್ಣೆಯಾಯಿತು. ಜೋಳದ ರೊಟ್ಟಿ ಬಡಿದೆ. ಅಕ್ಕ ಹೊರಡುತ್ತೇನೆ ಎಂದಳು, ಅತ್ತೆ ಬಿಡಲಿಲ್ಲ. ಮೂವರೂ ಪಡಸಾಲೆಯಲ್ಲೇ ಕುಳಿತೆವು. ಅತ್ತೆ ಬದನೆಕಾಯಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಯೋಚಿಸಿದರು. ಆಮೇಲೆ ತಾವೇ ಸಿಪ್ಪೆ ಸುಲಿದರು, ಒಂದು ಚೂರೂ ಉಳಿಯದ ಹಾಗೆ. ಒಲೆ ತಾಗಿದ ಸಿಪ್ಪೆ ಹೋದ ಮೇಲೆ ಒಳಗಿನದು ಒಳಗಿನದೇ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಉಪ್ಪು, ಹಸಿಖಾರ, ಶೇಂಗಾ ಪುಡಿ ಹಾಕಿ ಕಲಸಿ ಉಂಡರು. ನಾನಖಟಾಯಿ ಮುಟ್ಟಲಿಲ್ಲ. ಅಕ್ಕ ಅದನ್ನು ನೋಡಿದಳು, ತಿನ್ನಿ ಎಂದು ಒತ್ತಾಯ ಮಾಡಲಿಲ್ಲ.

ಕೈ ತೊಳೆದ ಮೇಲೆ ಅತ್ತೆ ನನಗೆ ಹೇಳಿದರು, "ಇದನ್ನ ಆಕಿಗೆ ಕೊಟ್ಟ ಕಳಸು. ದುಡಿಯೋ ಹೆಣ್ಮಗಳ ಕೈಯಾಗಿನ ಒಲಿ ತಂದು ಮನ್ಯಾಗ ಇಟ್ಕೊಂಡ್ರ ನಮಗ ಒಳ್ಳೇದಾಗಂಗಿಲ್ಲ."

ಬಂದ ದಿನ ತಳ ನೋಡಿದಾಗಲೇ ಅವರಿಗೆ ಅನುಮಾನವಿತ್ತಂತೆ. ಮೀನಿನ ಅನುಮಾನ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಗುರುತು ಅಳಿಸಿಹೋಗುವಷ್ಟು ಒರೆಸಿ ಇಟ್ಟುಕೊಂಡವಳು ಮನಸ್ಸಿಲ್ಲದೆ ಕೊಟ್ಟಿದ್ದಾಳೆ ಎಂಬ ಅನುಮಾನ. ನನಗಾಗಲೀ ನಮ್ಮ ಮನೆಯವರಿಗಾಗಲೀ ಅದು ಹೊಳೆದಿರಲಿಲ್ಲ.

ಅಕ್ಕ ಬೇಡ ಎಂದಳು, ನಾರಾಯಣಪುರದಲ್ಲಿ ಅದನ್ನು ಮತ್ತೆ ಹಚ್ಚುವುದಿಲ್ಲ ಎಂದಳು. ಕೊನೆಗೆ ಅದು ಸುರಪುರಕ್ಕೆ ಹೋಯಿತು. ನಮ್ಮ ಮನೆಯವರೇ ಒಂದು ರವಿವಾರ ಪರಿಚಯದವರ ಗಾಡಿಯಲ್ಲಿ ಇಟ್ಟುಕೊಂಡು ಹೋಗಿ ಅವಳ ಅಣ್ಣನ ಮನೆಯಲ್ಲಿ ಇಳಿಸಿ ಬಂದರು. ಕೆಟ್ಟದ್ದನ್ನು ದಾಟಿಸಿದಳು ಎಂದದ್ದನ್ನು ಅವರು ಮತ್ತೆ ಎತ್ತಲಿಲ್ಲ, ಗಾಡಿಗೆ ಹೇರುವಾಗ ಗಾಜಿಗೆ ಹಳೆಯ ಚಾದರ ಮಾತ್ರ ಜೋಪಾನವಾಗಿ ಸುತ್ತಿದರು. ಅಕ್ಕ ವಾರಕ್ಕೆ ಕೆಲವು ದಿನ ಸುರಪುರಕ್ಕೆ ಬಂದು ಮಾಡತೊಡಗಿದಳು. ಬಾಗಿಲ ಪಕ್ಕದ ಕಿಟಕಿಯೇ ಅಂಗಡಿ. ಯಾವ ಮನೆಯವರು, ಒಳಗೆ ಏನೇನು ಬೇಯಿಸುತ್ತೀರಿ ಎಂದು ಕೇಳುವವರು ಅಲ್ಲೂ ಇದ್ದಾರೆ. ಈಗ ಅವಳು ಅವರಿಗೆ ನೇರವಾಗಿ ಹೇಳುತ್ತಾಳೆ. ಕೆಲವರು ತಿರುಗಿ ಹೋಗುತ್ತಾರೆ, ಕೆಲವರು ಕೊಳ್ಳುತ್ತಾರೆ.

ನಾನೂ ಆಮೇಲೆ ಸಣ್ಣದೊಂದು ಓವನ್ ಕೊಂಡೆ, ಗುರುತು ಅಳಿಯದಂಥದ್ದು. ಸುರಪುರಕ್ಕೆ ಹೋದಾಗ ಅವಳ ಮನೆಯಲ್ಲಿ ಊಟ ಮಾಡುತ್ತೇನೆ. ಅವಳು ನನಗಾಗಿ ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸುತ್ತಾಳೆ, ಅದನ್ನು ನನ್ನ ಕಣ್ಣೆದುರಿಗೇ ಬೇಯಿಸುತ್ತಾಳೆ. ನಾನು ಕೇಳುವುದಿಲ್ಲ, ಆದರೂ ತೋರಿಸುತ್ತಾಳೆ. ಅವಳಿಗೆ ನನ್ನ ಮೇಲೆ ಪೂರ್ತಿ ನಂಬಿಕೆ ಬಂದಿದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೊನ್ನೆ ಯಾದಗಿರಿ ಸ್ಟೇಷನ್ನಿನಲ್ಲಿ ಕ್ವಾರ್ಟರ್ಸಿನ ಹಳೆಯ ಪರಿಚಯದವಳೊಬ್ಬಳು ಸಿಕ್ಕಳು. ನಮ್ಮ ಎದುರು ಸಾಲಿನಲ್ಲಿದ್ದವಳು. ಅದು ಇದು ಮಾತಾಡಿ, ಆ ಕೇಕಿನ ಅಕ್ಕ ಈಗ ಎಲ್ಲಿದ್ದಾಳೆ ಎಂದು ಕೇಳಿದಳು. ಪಾಪ, ಮಂದಿ ಏನೇನೋ ಅಂದರು, ನಾನಂತೂ ನಂಬಿರಲಿಲ್ಲ ಎಂದಳು. ಯಾರು ಅಂದದ್ದು ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡು, "ಎಲ್ಲಾರೂ ಅಂತಿದ್ರು" ಎಂದಳು.

ಮೊದಲು ಅಂದವಳು ಇವಳೇ ಇರಬಹುದೇ ಎಂದು ನಾನು ಅವಳ ಮುಖ ನೋಡಿದೆ. ಅವಳು ರೈಲು ಬರುವ ಕಡೆ ನೋಡಿದಳು. ಇಬ್ಬರೂ ಚಹಾ ಕುಡಿದೆವು. ಅವಳ ರೈಲು ಬಂತು, ಹೋದಳು. ನಾನು ಹೊರಗೆ ಬಂದು ಶಹಾಪುರದ ಬಸ್ಸು ಹತ್ತಿದೆ.